ಹತ್ತರಿಂದ ಹತ್ತೂವರೆ

ಮೂರನೆಯ ಪುಟದ ಏಳನೆಯ ಸಾಲಿನಲ್ಲಿ ತಪ್ಪೇನೂ ಇರಲಿಲ್ಲ. ಕರಡು ತಿದ್ದುತ್ತ ಇಪ್ಪತ್ತೆರಡು ವರ್ಷ ಸವೆಸಿದ ಅವಳ ಕಣ್ಣಿಗೆ ಅದು ಮೊದಲ ನೋಟಕ್ಕೇ ತಿಳಿದಿತ್ತು. ಆದರೂ ಬೆಳಗಿನಿಂದ ಪೆನ್ಸಿಲಿನ ಮೊನೆ ಎಲ್ಲ ಪುಟಗಳನ್ನೂ ಸುತ್ತಿ ಬಂದು ಅಲ್ಲೇ ನಿಲ್ಲುತ್ತಿತ್ತು. 'ಐದು ವಾರಗಳಿಂದ, ಯಾವ ಕಾರಣವೂ ಇಲ್ಲದೆ, ಈ ತಾಯಿಯ ಫೋನು ಮೌನವಾಗಿದೆ.' ವಾಕ್ಯ ಅವಳದ್ದೇ. ಬರೆದ ದಿನ ಟಿಬೆಟ್ ಬೆಂಬಲ ಸಮಿತಿಯ ಮೇಷ್ಟ್ರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, "ನೋಡಿ, ಒಂದು ವಿಶೇಷಣ ಇಲ್ಲ, ಆದ್ರೂ ಎದೆಗೆ ನಾಟುತ್ತೆ," ಎಂದು ಎಲ್ಲರ ಮುಂದೆ ಹೊಗಳಿದ್ದರು. ಅವಳು ತಲೆ ತಗ್ಗಿಸಿದ್ದನ್ನು ಸಂಕೋಚವೆಂದುಕೊಂಡಿದ್ದರು. ಸಾಲಿನ ಕೆಳಗೆ ನಾಲ್ಕಂಗುಲದ ಚೌಕದಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಮುದುಕಿಯ ಫೋಟೋ, ಅದರ ಕೆಳಗೆ ಟಿಬೆಟ್ಟಿನ ಒಂದು ಜಿಲ್ಲೆಯ ಹೆಸರು, ಊರಿನ ಹೆಸರು. ಸಂಜೆ ನಾಲ್ಕಕ್ಕೆ ಈ ಮನವಿಪತ್ರ ಅಚ್ಚಾಗಬೇಕು. ನಾಳೆ ಹದಿನಾಲ್ಕು ದೇಶಗಳ ಬೆಂಬಲ ಸಮಿತಿಗಳು ಒಂದೇ ಹೊತ್ತಿಗೆ ಇದನ್ನು ತಂತಮ್ಮ ಭಾಷೆಯಲ್ಲಿ ಬಿಡುಗಡೆ ಮಾಡಬೇಕು. ಅದಕ್ಕೆ ಮುಂಚೆ ಅವಳು ಕೊನೆಯ ಪುಟದ ಮೂಲೆಯಲ್ಲಿ 'ಅಚ್ಚಿಗೆ' ಎಂದು ಬರೆದು ಸಹಿ ಹಾಕಬೇಕು. ಅಷ್ಟೇ ಕೆಲಸ. ಅವಳ ಸಹಿಯಿಲ್ಲದೆ ಈ ಮುದ್ರಣಾಲಯದಲ್ಲಿ ಒಂದು ರಸೀದಿ ಪುಸ್ತಕವೂ ಹೊರಗೆ ಹೋಗುವುದಿಲ್ಲ.

"ಅಮ್ಮಾ, ನನ್ನ ಮಷಿನ್ನು ಖಾಲಿ ನಿಂತು ಆಕಳಿಸ್ತಾ ಇದೆ," ಎಂದು ಮಷಿನ್ನಿನವರು ಬಾಗಿಲಲ್ಲಿ ಇಣುಕಿದರು. ಕೈಯ ಮಸಿಯನ್ನು ಒರೆಸುತ್ತಲೇ ಮಾತಾಡುವುದು ಅವರ ಅಭ್ಯಾಸ, ಎಷ್ಟು ಒರೆಸಿದರೂ ಆ ಮಸಿ ಹೋದದ್ದನ್ನು ಯಾರೂ ಕಂಡಿಲ್ಲ. "ಎಂಟು ಪುಟಕ್ಕೆ ಇಷ್ಟು ಹೊತ್ತಾ? ಹೋದ ವಾರ ಮುನ್ನೂರು ಪುಟದ ಲೆಕ್ಕಶಾಸ್ತ್ರಾನ ಒಂದೇ ದಿನಕ್ಕೆ ಮುಗಿಸಿ ಬಿಸಾಕಿದ್ರಿ."

"ಅದರಲ್ಲಿ ಮನುಷ್ಯರಿರಲಿಲ್ಲ," ಎಂದಳು. ಅವರು ನಕ್ಕು, "ಅದೂ ಸರಿ ಬಿಡಿ," ಎಂದು ಹೋದರು. ತಾನು ತಮಾಷೆಯ ಮಾತಾಡಿದೆನೆಂಬುದೇ ಅವಳಿಗೆ ಹೇಸಿಗೆಯಾಯಿತು. ಹೀಗೆ ಸರಿಯಾದ ಮಾತು ಸರಿಯಾದ ಹೊತ್ತಿಗೆ ಬಾಯಿಗೆ ಬಂದುಬಿಡುವುದೇ ತನ್ನ ರೋಗ ಎನ್ನಿಸಿತು. ಬಂದವರಿಗೆಲ್ಲ ಮೇಷ್ಟ್ರು ಅವಳನ್ನು ಪರಿಚಯಿಸುವುದು, "ಇವರು ನಮ್ಮ ಸಮಿತಿಯ ಕಣ್ಣು. ಇವರ ಕೈ ದಾಟಿದ ಪತ್ರದಲ್ಲಿ ಅಲ್ಪವಿರಾಮ ಕೂಡ ಅಲ್ಪವಾಗಿರಲ್ಲ," ಎಂದು. ಹನ್ನೆರಡು ವರ್ಷದಿಂದ ಎಷ್ಟು ಪತ್ರಗಳು! ಜೈಲಿನಲ್ಲಿರುವ ಸನ್ಯಾಸಿಯೊಬ್ಬನ ಬಗ್ಗೆ, ಮುಚ್ಚಿಸಿದ ಶಾಲೆಯ ಬಗ್ಗೆ, ಆರೇಳು ವರ್ಷದ ಮಕ್ಕಳನ್ನು ಮನೆಯಿಂದ ಬಿಡಿಸಿ ದೂರದ ವಸತಿಶಾಲೆಗೆ ಸಾಗಿಸಿ ಅವರ ನಾಲಿಗೆಯಿಂದ ತಾಯಿಯ ಮಾತನ್ನು ಮೆಲ್ಲಗೆ ಕೀಳುವುದರ ಬಗ್ಗೆ. ಎಲ್ಲವೂ ದೊಡ್ಡ ದೊಡ್ಡ ಕಚೇರಿಗಳಿಗೆ ಹೋಗುತ್ತಿದ್ದವು, ಒಂದಕ್ಕೂ ಉತ್ತರ ಬರುತ್ತಿರಲಿಲ್ಲ. 'ತಲುಪಿದೆ' ಎಂಬ ಒಂದು ಸಾಲು ಬಂದರೆ ಮೇಷ್ಟ್ರು ಅದನ್ನು ಫೈಲಿನಲ್ಲಿ ಹಾಕಿ, ಅವತ್ತು ಎಲ್ಲರಿಗೂ ಟೀ ತರಿಸುತ್ತಿದ್ದರು. ಉತ್ತರ ಬೇಕಿತ್ತು ಅವಳಿಗೆ. ಹಾಗೆಂದು ಯಾರ ಹತ್ತಿರವೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ. ಯಾರಾದರೂ ಒಬ್ಬರು, ಆ ಕಡೆಯಿಂದ, ನಿನ್ನ ದನಿ ಕೇಳಿಸಿತು ಅನ್ನಬೇಕಿತ್ತು.

ಟೈಲರಮ್ಮನ ಅಂಗಡಿಗೆ ಅವಳು ಮೊದಲು ಹೋದದ್ದು ಕೋಟಿನ ಅಸ್ತರು ಹೊಲಿಸಲು. ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುತ್ತಿದ್ದ ಆ ಹೆಂಗಸು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಟಿಬೆಟ್ಟಿನಿಂದ ಹಿಮ ದಾಟಿ ಬಂದವಳು, ಈಗ ನಲವತ್ತರ ಹತ್ತಿರ. ಬಾಯಲ್ಲಿ ಯಾವಾಗಲೂ ಮೂರು ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಗಿರಾಕಿಗಳ ಕಾಲೆಳೆಯುತ್ತಿದ್ದಳು. ಶನಿವಾರದ ಸಂಜೆಗಳಲ್ಲಿ ಅವಳಿಂದ ಟಿಬೆಟ್ಟಿನ ಮಾತು ಕಲಿಯುವುದು ಶುರುವಾಗಿ ಎಂಟು ತಿಂಗಳಾಗಿತ್ತು. ಆಮೇಲೆ ಭಾನುವಾರವೂ ಹೋಗತೊಡಗಿದಳು. ಭಾನುವಾರ ಹತ್ತರಿಂದ ಹತ್ತೂವರೆ ಟೈಲರಮ್ಮ ಊರಿನಲ್ಲಿರುವ ತನ್ನ ತಾಯಿಗೆ ಫೋನು ಮಾಡುವ ಹೊತ್ತು. ಟೈಲರಮ್ಮ ಬಾಗಿಲು ಅರ್ಧ ಮುಚ್ಚಿ, ಪಿನ್ನುಗಳನ್ನೆಲ್ಲ ಬಾಯಿಂದ ತೆಗೆದು, ಮುಖ ತೊಳೆದುಕೊಂಡು ಬಂದು ಕೂರುತ್ತಿದ್ದಳು, ತಾಯಿ ನೋಡುತ್ತಾಳೇನೋ ಎಂಬಂತೆ. ಮಾತಿಗೆ ಕಟ್ಟುನಿಟ್ಟಿತ್ತು. "ಮಂಡಿ, ಚಳಿ, ಕುರಿ. ಅಷ್ಟೇ ಅಕ್ಕ. ಫೋನನ್ನ ನಾವಿಬ್ರೇ ಕೇಳ್ತಿರಲ್ಲ." ಇಪ್ಪತ್ತು ವರ್ಷ ನೋಡದ ತಾಯಿ ಮಗಳು ಅರ್ಧ ಗಂಟೆ ಮಂಡಿನೋವಿನ ಬಗ್ಗೆ ಮಾತಾಡುವುದನ್ನು ಅವಳು ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದಳು. ಒಮ್ಮೆ ಆ ಮುದುಕಿ, ಚಿಕ್ಕ ಕುರಿ ದೂರದ ಹುಲ್ಲಿಗೆ ಹೋಗಿದೆ, ತಿರುಗಿ ಬಂದರೆ ನಮ್ಮ ಕೂಗು ಅದಕ್ಕೆ ಗುರುತು ಸಿಗುವುದಿಲ್ಲ ಎಂದಳು. ಫೋನಿಟ್ಟ ಮೇಲೆ ಟೈಲರಮ್ಮ, "ಅಣ್ಣನ ಮಗ. ಆರು ವರ್ಷ. ವಸತಿಶಾಲೆಗೆ ಹಾಕಿದಾರೆ," ಎಂದು ಹೇಳಿ ಬಾಬಿನಿಗೆ ದಾರ ಸುತ್ತತೊಡಗಿದಳು.

ಮನೆಯಲ್ಲಿ ಅವಳ ಅಮ್ಮನಿಗೂ ಮಂಡಿನೋವು. ಅಮ್ಮ ಅದನ್ನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕೂಗಿ ಹೇಳುತ್ತಾಳೆ, ಪಕ್ಕದ ಮನೆಯವರಿಗೂ ಕೇಳಿಸುವಂತೆ. ಅದರ ಜೊತೆಗೆ ಸರ್ಕಾರವನ್ನು ಬಯ್ಯುತ್ತಾಳೆ, ನಲ್ಲಿಯನ್ನು ಬಯ್ಯುತ್ತಾಳೆ, ಡಾಕ್ಟರನ್ನು ಬಯ್ಯುತ್ತಾಳೆ. ಇವತ್ತು ಬೆಳಿಗ್ಗೆಯೂ, "ಏನೇ ಅದು, ನಿದ್ದೆಯಲ್ಲಿ ಗೊಣಗ್ತಿದ್ದೆ? ಆ ಬೇರೆ ಭಾಷೆಯಲ್ಲಿ. ಕನಸಾದರೂ ನಮ್ಮ ಮಾತಲ್ಲಿ ಕಾಣಬಾರ್ದಾ, ನನಗೂ ಸ್ವಲ್ಪ ಅರ್ಥ ಆಗ್ಲಿ," ಎಂದಿದ್ದಳು. ಅವಳು ತಟ್ಟೆಯಿಂದ ಮುಖ ಎತ್ತಲಿಲ್ಲ. ಯಾವ ವಾಕ್ಯ ಗೊಣಗಿದ್ದೆನೆಂದು ಅವಳಿಗೆ ಗೊತ್ತಿತ್ತು.

ಆ ವಾಕ್ಯ ಫೋನಿನಲ್ಲಿ ಬಾಯಿತಪ್ಪಿ ಬಂದದ್ದಲ್ಲ. ಯಾರಾದರೂ ಕೇಳಿದರೆ ಹಾಗೆ ಹೇಳಿ ಪಾರಾಗಬಹುದಿತ್ತು, ಆದರೆ ಎರಡು ವಾರ ಮುಂಚೆಯೇ ಅದನ್ನು ಭಾಷೆ ಕಲಿಯುವ ಪುಸ್ತಕದಿಂದ ಪದಪದವಾಗಿ ಹೆಕ್ಕಿ ಕರಡು ಕಾಗದದ ಹಿಂದೆ ಬರೆದು, ಬಸ್ಸಿನಲ್ಲಿ, ಬಚ್ಚಲಲ್ಲಿ ಬಾಯಿಪಾಠ ಮಾಡಿದ್ದಳು. ಯಾವಾಗ ಹೇಳುತ್ತೇನೆ ಎಂದು ಯೋಚಿಸಿರಲಿಲ್ಲ, ಹೇಳುವುದೇ ಇಲ್ಲವೆಂದೂ ಅಂದುಕೊಂಡಿರಲಿಲ್ಲ. ಐದು ವಾರದ ಹಿಂದಿನ ಆ ಭಾನುವಾರ ಹತ್ತೂಕಾಲಿಗೆ ಯಾರೋ ಬಾಗಿಲು ಬಡಿದರು. ನಿಶ್ಚಿತಾರ್ಥದ ಉಡುಪು ಬಿಗಿಯಾಗಿದೆಯೆಂದು ಅಳುತ್ತಾ ಬಂದ ಹುಡುಗಿ. ಟೈಲರಮ್ಮ ಫೋನನ್ನು ಅವಳ ಕೈಗಿಟ್ಟು, "ಎರಡು ನಿಮಿಷ ಅಕ್ಕ, ಮಂಡಿ ವಿಷಯ ಮಾತಾಡ್ತಿರಿ," ಎಂದು ಹೊರಗೆ ಹೋದಳು. ಅವಳು ಮಂಡಿಯ ಬಗ್ಗೆ ಕೇಳಿದಳು. ಮುದುಕಿ ಖುಷಿಯಿಂದ ನಕ್ಕು, ಪರವಾಗಿಲ್ಲ, ನೀನು ಯಾರ ಮಗಳು, ಚೆನ್ನಾಗಿ ಮಾತಾಡ್ತೀಯ ಎಂದಳು. ಆ ಹೊಗಳಿಕೆಗೆ ಅವಳ ಮೈ ಬೆಚ್ಚಗಾಯಿತು. ಮುಂದಿನದನ್ನು ಅವಳು ಒಂದೇ ಉಸಿರಿಗೆ ಹೇಳಿದಳು: ನಿಮ್ಮ ಮೊಮ್ಮಗನ ವಿಷಯ ನಮಗೆ ಗೊತ್ತು, ಮಕ್ಕಳಿಗೆ ನಿಮ್ಮ ಭಾಷೆ ಉಳಿಸಲು ಅನೇಕ ದೇಶದವರು ಹೋರಾಡುತ್ತಿದ್ದೇವೆ, ನೀವು ಒಬ್ಬರೇ ಅಲ್ಲ. ಒಂದು ಪ್ರತ್ಯಯವೂ ತಪ್ಪಲಿಲ್ಲ. ಆ ಕಡೆಯಿಂದ ಬೇರೆ ಯಾರೋ ಮಾತಾಡಿದಂತೆ, ಕಾಗದ ನೋಡಿ ಓದಿದಂತೆ, ದೊಡ್ಡ ದನಿ: ನಮಗೆ ಎಲ್ಲ ಅನುಕೂಲ ಇದೆ. ರಸ್ತೆ ಮಾಡಿಕೊಟ್ಟಿದ್ದಾರೆ. ಕರೆಂಟು ಕೊಟ್ಟಿದ್ದಾರೆ. ಹುಡುಗ ಶಾಲೆಯಲ್ಲಿ ಸುಖವಾಗಿದ್ದಾನೆ. ಆಮೇಲೆ ತಗ್ಗಿದ ದನಿಯಲ್ಲಿ, ಹಳೆಯದೇ ದನಿಯಲ್ಲಿ: ಅವಳಿಗೆ ಹೇಳು, ಇನ್ನು ಫೋನು ಮಾಡುವುದು ಬೇಡ. ನಾನು ಚೆನ್ನಾಗಿದ್ದೇನೆ. ಮಾಡುವುದು ಬೇಡ ಅಂತ ಹೇಳು.

ಟೈಲರಮ್ಮ ಒಳಗೆ ಬಂದಾಗ ಅವಳು, "ಲೈನು ಕಟ್ಟಾಯ್ತು," ಎಂದಳು. "ಏನಂದ್ರು?" "ಮಂಡಿ ಪರವಾಗಿಲ್ಲಂತೆ."

ಅಷ್ಟೂ ನಿಜವೇ. ಅದೇ ಅವಳ ಜಾಣತನ, ಸುಳ್ಳು ಹೇಳುವಾಗಲೂ ಸುಳ್ಳು ಪದ ಬಳಸಿರಲಿಲ್ಲ. ಮುಂದಿನ ಭಾನುವಾರ ಹೇಳಿಬಿಡೋಣ ಎಂದುಕೊಂಡಳು. ಮುಂದಿನ ಭಾನುವಾರ ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ, ಟೈಲರಮ್ಮ "ಕುರಿ ಹಿಂದೆ ಹೋಗಿರ್ಬೇಕು ಮುದುಕಿ," ಎಂದು ನಕ್ಕಳು. ಆ ನಗುವಿನ ಮುಂದೆ ಹೇಳಲಾಗಲಿಲ್ಲ. ಅದರ ಮುಂದಿನ ವಾರ ಹೇಳಬೇಕೆಂದರೆ ಹೋದ ವಾರ ಯಾಕೆ ಹೇಳಲಿಲ್ಲ ಎನ್ನುವುದನ್ನೂ ಹೇಳಬೇಕಿತ್ತು. ಹೀಗೆ ಒಂದರ ಮೇಲೊಂದು ವಾರ ಕೂತಿತು. ಅವಳು ತಪ್ಪದೆ ಹೋಗುತ್ತಿದ್ದಳು. ಸ್ಟೂಲಿನ ಮೇಲೆ ಕೂತು ಆ ರಿಂಗನ್ನು ಕೇಳುತ್ತಿದ್ದಳು. ಎಲ್ಲೋ ಒಂದು ಮನೆಯಲ್ಲಿ ಪ್ರತಿ ರಿಂಗಿಗೂ ಒಬ್ಬ ಮುದುಕಿ ಕೈಯಲ್ಲಿದ್ದದ್ದನ್ನು ಬಿಟ್ಟು ಕಿಟಕಿಯ ಕಡೆ ನೋಡುತ್ತಿರಬಹುದು. ಪರದೇಶದ ನಂಬರಿನಿಂದ ಇಂತಿಷ್ಟು ಕರೆ ಎಂದು ಯಾವನೋ ಗುಮಾಸ್ತ ಒಂದು ಹಾಳೆಯಲ್ಲಿ ಗೀಟು ಹಾಕುತ್ತಿರಬಹುದು. ಇಷ್ಟನ್ನೂ ಅವಳು ಸ್ಪಷ್ಟವಾಗಿ ಕಾಣಬಲ್ಲಳು. ಕಂಡೂ ಪಕ್ಕದಲ್ಲಿ ಕೂತು, "ಇನ್ನೊಂದ್ಸಲ ನೋಡು," ಎಂದಿದ್ದಳು ಒಮ್ಮೆ. ಹೌದು, ಹಾಗೆ ಎಂದಿದ್ದಳು. ಮೂರನೆಯ ಭಾನುವಾರ. ನಾಲ್ಕನೆಯ ವಾರದಿಂದ ಟೈಲರಮ್ಮ ದಿನಾ ಮಾಡತೊಡಗಿದಳು. ಐದನೆಯ ವಾರ ಸಮಿತಿಗೆ ತಾನೇ ಬಂದು, ಗೋಡೆ ನೋಡುತ್ತಾ ಹೇಳಿದಳು: "ಅಮ್ಮ ಸತ್ತಿರ್ಬೇಕು. ಇಲ್ಲ, ಹಿಡ್ಕೊಂಡು ಹೋಗಿರ್ಬೇಕು. ಹಿಡ್ಕೊಂಡು ಹೋಗಿದ್ರೆ ಹೆಸರು ಹೊರಗೆ ಬಂದ್ರೇ ಒಳ್ಳೇದು, ಹೆಸರಿರೋರನ್ನ ಸ್ವಲ್ಪ ಕಡಿಮೆ ಹೊಡೀತಾರೆ. ಫೋಟೋ ಹಾಕಿ." ಇಪ್ಪತ್ತು ವರ್ಷ ಯಾವ ಸಭೆಯಲ್ಲೂ ತಾಯಿಯ ಊರಿನ ಹೆಸರೆತ್ತದವಳು ಫೋಟೋ ತೆಗೆದು ಮೇಜಿನ ಮೇಲಿಟ್ಟಳು.

ಎರಡೂವರೆ. ಅವಳು ಪೆನ್ಸಿಲಿನಿಂದ 'ಯಾವ ಕಾರಣವೂ ಇಲ್ಲದೆ' ಎಂಬುದಕ್ಕೆ ಗೀಟೆಳೆದು, ಅಂಚಿನಲ್ಲಿ ತೆಗೆಯುವ ಗುರುತು ಹಾಕಿದಳು. ಇಷ್ಟಾದರೆ ಸಾಕೇನೋ. ಆಗ ಅದು ಸುಳ್ಳಲ್ಲ, ಬರೀ 'ಮೌನವಾಗಿದೆ'. ಗುರುತಿನತ್ತ ನೋಡುತ್ತ ನೋಡುತ್ತ, ಒಬ್ಬಳ ತಾಯಿಯನ್ನು ಅಪಾಯಕ್ಕೆ ತಳ್ಳುವ ಹೊತ್ತಿನಲ್ಲೂ ತಾನು ವಾಕ್ಯವನ್ನೇ ತಿದ್ದುತ್ತಿದ್ದೇನಲ್ಲ ಎನ್ನಿಸಿ ಪೆನ್ಸಿಲು ಕೆಳಗಿಟ್ಟಳು. ಮೇಷ್ಟ್ರಿಗೆ ಫೋನು ಮಾಡಿದಳು.

"ಸರ್, ಆ ಫೋಟೋ ಇಲ್ಲದಿದ್ರೆ ಆಗಲ್ವಾ? ಊರಿನ ಹೆಸರಾದ್ರೂ..."

"ಯಾಕಮ್ಮ ಈಗ?" ಮೇಷ್ಟ್ರ ದನಿಯಲ್ಲಿ ಊಟದ ನಂತರದ ನಿದ್ದೆಯಿತ್ತು. "ಹನ್ನೆರಡು ವರ್ಷದಿಂದ ಕಾಗದ ಬರೀತಿದ್ದೀವಿ, ಒಂದೇ ಒಂದು ಮುಖ ಇರಲಿಲ್ಲ ನಮ್ಮ ಹತ್ರ. ಈಗ ಮುಖ ಸಿಕ್ಕಿದೆ. ಮಗಳೇ ಒಪ್ಪಿದಾಳೆ."

"ಅವಳಿಗೆ ಪೂರ್ತಿ ಗೊತ್ತಿಲ್ಲ ಸರ್."

"ನಮಗ್ಯಾರಿಗೆ ಪೂರ್ತಿ ಗೊತ್ತು? ನಿಮ್ದು ಒಳ್ಳೇ ಮನಸ್ಸು, ಜಾಸ್ತಿ ಯೋಚನೆ ಮಾಡ್ತೀರಿ. ಸಹಿ ಹಾಕಿ ಕಳಿಸಿ."

ಒಳ್ಳೇ ಮನಸ್ಸು. ಆಗ ಹೇಳಬಹುದಿತ್ತು. ಬಾಯಿ ತೆರೆದಳು, ಫೋನಿಟ್ಟ ಸದ್ದು ಕೇಳಿಸಿತು. ಕರಡನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಹೊರಟಾಗ ಮಷಿನ್ನಿನವರು ಹಿಂದಿನಿಂದ, "ಅಯ್ಯೋ, ಎತ್ಕೊಂಡೇ ಹೊರಟ್ರಲ್ಲ! ಮದುವೆ ಕಾರ್ಡಿನವರು ಬಂದ್ರೆ ನನ್ನನ್ನೇ ಹಸೆಮಣೆ ಮೇಲೆ ಕೂರಿಸ್ತಾರೆ ಅಮ್ಮಾ," ಎಂದು ಕೂಗಿದರು.

ಅಂಗಡಿಯಲ್ಲಿ ದಪ್ಪನೆಯ ಗಿರಾಕಿಯೊಬ್ಬ ಕೈ ಎತ್ತಿ ನಿಂತಿದ್ದ. "ಮೂವತ್ತಾರೇ ಇರಲಿ, ಹೋದ ಸಲ ಮೂವತ್ತಾರೇ ಇತ್ತು," ಎನ್ನುತ್ತಿದ್ದ. "ಹೋದ ಸಲ ನೀವೂ ಬೇರೆ ಇದ್ರಿ ಸಾರ್. ಉಸಿರು ಬಿಡಿ. ಬಿಡಿ ಅಂದ್ರೆ ಬಿಡಿ, ಟೇಪಿಗೆ ನಾಚಿಕೆ ಪಟ್ಕೋಬೇಡಿ," ಎಂದಳು ಟೈಲರಮ್ಮ, ಪಿನ್ನು ಕಚ್ಚಿದ ತುಟಿಯ ಸಂದಿಯಿಂದ. ಆತ ನಗುತ್ತಾ ಉಸಿರು ಬಿಟ್ಟ. ಅಳತೆ ಮುಗಿಯಿತು, ಜೇಬಿನ ಬಗ್ಗೆ ಮಾತಾಯಿತು, ಗುಂಡಿಯ ಬಗ್ಗೆ ಮಾತಾಯಿತು. ಆತ ಬಾಗಿಲವರೆಗೆ ಹೋಗಿ ಮತ್ತೆ ಬಂದು ಪಟ್ಟಿಯ ಬಗ್ಗೆ ಕೇಳಿದ. ಅವನು ಹೋಗಲೇಬಾರದು, ಸಂಜೆಯವರೆಗೂ ಪ್ಯಾಂಟಿನ ಬಗ್ಗೆಯೇ ಕೇಳುತ್ತಿರಲಿ ಎಂದು ಅವಳು ಪ್ರಾರ್ಥಿಸುತ್ತಿದ್ದಳು. ಅವನು ಹೋದ.

"ಅಮ್ಮ ಚೆನ್ನಾಗಿದಾರೆ," ಎಂದಳು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದು ಹೀಗಲ್ಲ. ಟೈಲರಮ್ಮನ ಮುಖ ಒಮ್ಮೆಲೇ ಅರಳಿದ್ದನ್ನು ನೋಡಿದ ಮೇಲೇ ತಾನು ಎಲ್ಲಿಂದ ಶುರುಮಾಡಿದೆ ಎನ್ನುವುದು ತಿಳಿದದ್ದು. "ಸುದ್ದಿ ಬಂತಾ? ಯಾರಿಂದ ಅಕ್ಕ? ಯಾರಾದ್ರೂ ನೋಡಿದ್ರಾ?" ಟೇಪು ಕೊರಳಿನಿಂದ ಜಾರಿ ಬಿತ್ತು.

"ಇಲ್ಲ. ಆವತ್ತು... ನೀನು ಫೋನು ನನ್ನ ಕೈಯಲ್ಲಿ ಕೊಟ್ಟು ಹೋದೆಯಲ್ಲ. ಅವರೇ ಹೇಳಿದ್ರು. ನಾನು ಚೆನ್ನಾಗಿದೀನಿ, ಇನ್ನು ಫೋನು ಮಾಡೋದು ಬೇಡ ಅಂತ ಅವಳಿಗೆ ಹೇಳು ಅಂದ್ರು."

ಟೈಲರಮ್ಮ ತುಟಿಯ ನಡುವಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿನ ಮೆತ್ತೆಗೆ ಚುಚ್ಚಿದಳು. ನಾಲ್ಕಿದ್ದವು.

"ನೀವೇನಂದ್ರಿ ಅಮ್ಮಂಗೆ?"

ಅವಳು ಆ ವಾಕ್ಯವನ್ನು ಹೇಳಿದಳು, ಆ ಭಾಷೆಯಲ್ಲೇ, ಮೊದಲಿನಿಂದ ಕೊನೆಯವರೆಗೆ. ನಡುವೆ ನಿಲ್ಲಿಸಲು ಆಗಲಿಲ್ಲ. ಅಷ್ಟು ಚೆನ್ನಾಗಿ ಬಾಯಿಪಾಠವಾಗಿತ್ತು.

"ಅದನ್ನ ನಾನು ಕಲಿಸಿರ್ಲಿಲ್ಲ."

"ಇಲ್ಲ. ಪುಸ್ತಕ ನೋಡಿ..."

"ಚೆನ್ನಾಗಿ ಹೇಳ್ತೀರಿ," ಎಂದಳು ಟೈಲರಮ್ಮ. ದನಿಯಲ್ಲಿ ಕೊಂಕಿರಲಿಲ್ಲ. ಪಾಠದ ದಿನಗಳಲ್ಲಿ ಹೇಳುತ್ತಿದ್ದ ಹಾಗೆಯೇ ಹೇಳಿದಳು. ಆಮೇಲೆ ತನ್ನ ಫೋನು ತೆಗೆದು, ಮಾಡಿದ ಕರೆಗಳ ಪಟ್ಟಿಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ಸರಿಸುತ್ತ ಹೋದಳು. ಒಂದೇ ನಂಬರು, ಅದರ ಕೆಳಗೆ ಅದೇ ನಂಬರು, ಅದರ ಕೆಳಗೆ ಅದೇ. "ನಿನ್ನೆ ಮೂರು ಸಲ ಮಾಡಿದೆ," ಎಂದಳು. "ಅಕ್ಕ, ನಿನ್ನೆ ಮೂರು ಸಲ."

"ಗೊತ್ತು."

"ನೀವು ಪಕ್ಕದಲ್ಲೇ ಕೂತಿದ್ರಿ."

"ಹೂಂ."

"ಬೇಡ ಅಂತ ಒಂದು ಮಾತು. ನಿಮ್ಮ ಭಾಷೆಯಲ್ಲೇ ಹೇಳಿದ್ರೂ ಸಾಕಿತ್ತು."

ಬಯ್ಯಲಿ ಎಂದು ಅವಳು ಕಾದಳು. ಬಯ್ದರೆ ಅಳಬಹುದಿತ್ತು, ಅತ್ತರೆ ಏನೋ ಒಂದು ಮುಗಿಯುತ್ತಿತ್ತು. ಟೈಲರಮ್ಮ ಬಯ್ಯಲಿಲ್ಲ. "ರಸ್ತೆ ವಿಷಯ ಏನಾದ್ರೂ ಹೇಳಿದ್ರಾ? ಯಾರೋ ಕೇಳಿಸ್ಕೊಳ್ತಿದಾರೆ ಅನ್ನಿಸಿದ್ರೆ ಅಲ್ಲಿ ಎಲ್ಲರೂ ಅದನ್ನೇ ಹೇಳೋದು," ಎಂದಳು. ಅವಳು ಎಲ್ಲವನ್ನೂ ಹೇಳಿದಳು, ದೊಡ್ಡ ದನಿಯದ್ದು, ತಗ್ಗಿದ ದನಿಯದ್ದು, ಮೊದಲು ನಕ್ಕಿದ್ದು. "ನಕ್ರಾ?" ಎಂದಳು ಟೈಲರಮ್ಮ. "ಯಾಕೆ ನಕ್ರು?" "ನಾನು ಮಾತಾಡಿದ್ದಕ್ಕೆ. ಯಾರ ಮಗಳು ಅಂತ ಕೇಳಿದ್ರು." ಟೈಲರಮ್ಮ ಗೋಡೆಯ ಕಡೆ ತಿರುಗಿ ನೇತುಹಾಕಿದ್ದ ಕೋಟೊಂದರ ತೋಳನ್ನು ನೇರ ಮಾಡಿದಳು, ಇನ್ನೊಂದು ತೋಳನ್ನೂ ಮಾಡಿದಳು. ಐದು ವಾರ ಈ ನಗು ತನ್ನ ಹತ್ತಿರವೇ ಇತ್ತು, ತನ್ನದಲ್ಲದ್ದು, ಎಂಬುದು ಅವಳಿಗೆ ಆಗಷ್ಟೇ ಹೊಳೆಯಿತು. ಆ ತನಕ ಅಪಾಯದ ಬಗ್ಗೆ ಮಾತ್ರ ಯೋಚಿಸಿದ್ದಳು.

"ಕೊಡಿ ಕಾಗದ."

ಮೂರನೆಯ ಪುಟದಲ್ಲಿ ತಾಯಿಯ ವಿಷಯವಿದ್ದ ಅಷ್ಟೂ ಭಾಗದ ಮೇಲೆ, ಫೋಟೋದ ಮೇಲೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮೂಲೆಯಿಂದ ಮೂಲೆಗೆ ಗೀಟು ಬಿತ್ತು. ಆಮೇಲೆ ಟೈಲರಮ್ಮ ಮೇಷ್ಟ್ರಿಗೆ ಫೋನು ಮಾಡಿ, "ನಂಗೆ ಬೇಡ ಅನ್ನಿಸ್ತು ಸರ್. ಶಾಲೆ ವಿಷಯ ಎಲ್ಲ ಇರ್ಲಿ, ಅಮ್ಮನ್ನ ಬಿಡಿ. ಬೇರೆ ದೇಶದವರಿಗೂ ಈಗ್ಲೇ ಹೇಳಿ ತೆಗೆಸಿ. ಇಲ್ಲ ಸರ್, ಯಾರೂ ಏನೂ ಹೇಳಿಲ್ಲ," ಎಂದಳು. ಆ ಕಡೆಯಿಂದ ಬೇಸರದ ಮಾತು ತುಂಬ ಹೊತ್ತು ಬಂತು. ಟೈಲರಮ್ಮ "ಹೂಂ ಸರ್, ನಂದೇ ತಪ್ಪು ಸರ್," ಎಂದು ಎರಡು ಸಲ ಅಂದಳು.

"ನಾನೇ ಹೇಳ್ತೀನಿ ಅವರಿಗೆ," ಎಂದಳು ಅವಳು. "ಇವತ್ತೇ. ಎಲ್ಲರ ಮುಂದೆ ಹೇಳ್ತೀನಿ."

"ಬೇಡ. ಅವರಿಗೆ ಹೇಳಿದ್ರೆ ಅವರು ನಿಮ್ಮನ್ನ ಕ್ಷಮಿಸಿಬಿಡ್ತಾರೆ." ಟೈಲರಮ್ಮ ಬಿದ್ದಿದ್ದ ಟೇಪನ್ನು ಎತ್ತಿ ಸುತ್ತತೊಡಗಿದಳು. "ನಂಗೆ ಅದು ಬೇಡ."

ಮುದ್ರಣಾಲಯಕ್ಕೆ ಮರಳಿದಾಗ ನಾಲ್ಕು ದಾಟಿತ್ತು. ಮಷಿನ್ನಿನವರು ಸೀಮೆಸುಣ್ಣದ ಗೀಟು ನೋಡಿ, "ಇಷ್ಟು ಜಾಗ ಖಾಲಿ ಬಿಟ್ರೆ ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ," ಎಂದರು. ಕೆಳಗಿನ ಸಾಲುಗಳನ್ನು ಮೇಲಕ್ಕೆತ್ತಿ ಎಂದಳು. ಎತ್ತಿದರು. ಸಾಲುಗಳು ಕೂಡಿಕೊಂಡವು. ನಡುವೆ ಯಾರಾದರೂ ಇದ್ದರೆಂಬ ಗುರುತೂ ಉಳಿಯಲಿಲ್ಲ. ಅವಳು ಮೂಲೆಯಲ್ಲಿ 'ಅಚ್ಚಿಗೆ' ಎಂದು ಬರೆದು ಸಹಿ ಹಾಕಿದಳು. ಸಹಿ ಎಂದಿನಂತೆಯೇ ಬಂತು. ನಾಲ್ಕು ದಿನದ ಮೇಲೆ ಮೇಷ್ಟ್ರು ಸಿಕ್ಕಾಗ, "ಕೊನೇ ಗಳಿಗೆಯಲ್ಲಿ ಹೆದರಿಬಿಟ್ಟಳು ಪಾಪ. ನೀವು ಎಷ್ಟು ಧೈರ್ಯ ಹೇಳಿರ್ತೀರಿ ಅಂತ ನಂಗೊತ್ತು," ಎಂದರು. ಅವಳು ಕೇಳಿಸಿಕೊಂಡಳು. ಕೇಳಿಸಿಕೊಳ್ಳಬೇಕಾದದ್ದೇ ಅದು ಎಂದು ಈಗ ಅರ್ಥವಾಗಿತ್ತು.

ಶನಿವಾರ ಪಾಠಕ್ಕೆ ಹೋಗಲಿಲ್ಲ. ಸಂಜೆ ಟೈಲರಮ್ಮನಿಂದಲೇ ಫೋನು ಬಂತು: "ನಾಳೆ ಹತ್ತಕ್ಕೆ ಬನ್ನಿ." ಯಾಕೆ ಎಂದು ಕೇಳುವ ಮೊದಲೇ ಇಟ್ಟುಬಿಟ್ಟಳು. ರಾತ್ರಿಯ ಊಟದಲ್ಲಿ ಅಮ್ಮ, "ಏನೇ, ಕಳ್ಳತನ ಮಾಡಿ ಬಂದವಳ ಹಾಗೆ ಅನ್ನ ಕಲಸ್ತಿದೀಯ?" ಎಂದಳು.

ಬಾಗಿಲು ಎಂದಿನಂತೆ ಅರ್ಧ ಮುಚ್ಚಿತ್ತು. ಟೈಲರಮ್ಮ ಮುಖ ತೊಳೆದುಕೊಂಡಿದ್ದಳು. ಸ್ಟೂಲಿನ ಮೇಲೆ ಕೂರಿಸಿ, ತನ್ನ ಫೋನನ್ನು ಅವಳ ಮಡಿಲಲ್ಲಿಟ್ಟಳು. "ಹತ್ತೂವರೆ ತನಕ ಹಿಡ್ಕೊಂಡಿರಿ. ನನ್ನ ಕೈ ತಾನಾಗೇ ಹೋಗುತ್ತೆ. ನಾನು ಕೇಳಿದ್ರೂ ಕೊಡಬೇಡಿ." ಅಷ್ಟು ಹೇಳಿ ಮಷಿನ್ನಿನ ಮುಂದೆ ಕೂತು ಹೊಲಿಯತೊಡಗಿದಳು. ಅವಳು ಎರಡೂ ಕೈಗಳನ್ನು ಫೋನಿನ ಮೇಲಿಟ್ಟುಕೊಂಡಳು. ಹತ್ತೂ ಐದು. ಹತ್ತೂ ಹತ್ತು. ಮಷಿನ್ನು ನಿಂತಿತು. "ಕೊಡಿ," ಎಂದಳು ಟೈಲರಮ್ಮ, ತಿರುಗದೆ. ಅವಳು ಕೊಡಲಿಲ್ಲ. "ಬರೀ ರಿಂಗು ಕೇಳಿ ಇಟ್ಬಿಡ್ತೀನಿ. ಒಂದೇ ರಿಂಗು." ಅವಳು ಕೊಡಲಿಲ್ಲ. ಆಗ ಟೈಲರಮ್ಮ ತನ್ನ ಭಾಷೆಯಲ್ಲಿ ಒಂದು ಮಾತೆಂದಳು. ಅವಳಿಗೆ ಅರ್ಥವಾಯಿತು, ಎಂಟು ತಿಂಗಳ ಪಾಠದಲ್ಲಿ ಬಂದಿರದಿದ್ದರೂ ಅರ್ಥವಾಯಿತು. ಮಷಿನ್ನು ಮತ್ತೆ ಓಡಿತು, ಮೊದಲಿಗಿಂತ ಜೋರಾಗಿ.

ಹತ್ತೂ ಇಪ್ಪತ್ತಕ್ಕೆ ಮಡಿಲಲ್ಲಿ ಫೋನು ಬಡಿದುಕೊಂಡಿತು. ಇಬ್ಬರೂ ಅಲ್ಲಾಡಲಿಲ್ಲ. ಅವಳು ಕೈಯೆತ್ತಿ ನೋಡಿದಳು, ಇದೇ ಊರಿನ ನಂಬರು. "ಇಲ್ಲಿಯದ್ದು," ಎಂದು ಚಾಚಿದಳು. ಟೈಲರಮ್ಮ ತೆಗೆದುಕೊಂಡು ಕಿವಿಗಿಟ್ಟಳು. "ಹೇಳಿ ಮೇಡಂ. ಸಮವಸ್ತ್ರ ಎರಡೂ ಆಗಿದೆ. ಉದ್ದ ಬಿಟ್ಟಿದೀನಿ, ಮುಂದಿನ ವರ್ಷಕ್ಕೂ ಆಗುತ್ತೆ. ಮಕ್ಕಳು ಬೆಳೀತಾರಲ್ಲ. ಹೂಂ, ಸಂಜೆ ಬನ್ನಿ." ಮಾತು ಮುಗಿದ ಮೇಲೂ ಫೋನು ಟೈಲರಮ್ಮನ ಕೈಯಲ್ಲೇ ಇತ್ತು. ಹೆಬ್ಬೆರಳು ಗಾಜಿನ ಮೇಲೆ ನಿಂತಿತ್ತು. ಸ್ಟೂಲಿನಿಂದ ಅಲ್ಲಿಗೆ ಎರಡೇ ಹೆಜ್ಜೆ. ಕಸಿದುಕೊಳ್ಳಬಹುದಿತ್ತು, ಬೇಡ ಅನ್ನಬಹುದಿತ್ತು. ಅವಳು ಬಾಯಿ ತೆರೆದು, "ಬೇಡ," ಎಂದಳು. ಆರು ವಾರ ತಡವಾಗಿ ಬಂದ ಆ ಮಾತು ತೀರಾ ಸಣ್ಣದಾಗಿತ್ತು.

ಟೈಲರಮ್ಮ ಎದ್ದು ಬಂದು ಫೋನನ್ನು ಮತ್ತೆ ಅವಳ ಮಡಿಲಲ್ಲಿಟ್ಟಳು.

"ಇನ್ನೂ ಎಂಟು ನಿಮಿಷ ಇದೆ," ಎಂದು ಹೋಗಿ ಸೂಜಿಗೆ ದಾರ ಪೋಣಿಸಿದಳು.